ಆ ಒಂಬತ್ತು ವೋಟು

2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮೂರಿನ ಬೂತ್‌ನಲ್ಲಿ ಒಂಬತ್ತು ವೋಟು ತಪ್ಪಿ ಹೋದವು. ತಪ್ಪಿ ಅಂದರೆ, ನಮ್ಮ ಸಮಾಜದ ಸಭೆಯಲ್ಲಿ ಯಾರಿಗೆ ಹಾಕಬೇಕು ಅಂತ ತೀರ್ಮಾನ ಆಗಿತ್ತೋ ಅವರಿಗೆ ಬೀಳದೆ ಎದುರಿನವರಿಗೆ ಬಿದ್ದವು. ಆ ಒಂಬತ್ತರಲ್ಲಿ ಒಂದು ನನ್ನದು. ಇದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಊರಿನ ಹೆಸರು, ಸಮಾಜದ ಹೆಸರು, ಪಕ್ಷದ ಹೆಸರು ಯಾವುದನ್ನೂ ಬರೆಯುವುದಿಲ್ಲ. ಹೊಸನಗರ ತಾಲೂಕಿನ ಒಂದು ಹಳ್ಳಿ ಅಂದರೆ ಸಾಕು. ಗುಡ್ಡದ ಈಚೆ ನಾಲ್ಕು ಮನೆ, ಆಚೆ ಆರು ಮನೆ, ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರ ಹಾಸಿದ ಕಾಲುಸಂಕ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ಆದರೆ ವೋಟು ಇನ್ನೂ ಊರಲ್ಲೇ ಇದೆ. ಬೇಕೆಂದೇ ಬದಲಾಯಿಸಿಲ್ಲ.

ಚುನಾವಣೆಗೆ ಹತ್ತು ದಿನ ಇದ್ದಾಗ ಸಮಾಜದ ಭವನದಲ್ಲಿ ಸಭೆ ಕರೆದಿದ್ದರು. ಮನೆಗೊಬ್ಬರು ಬರಬೇಕು ಅಂತ ಹೇಳಿಕಳಿಸಿದ್ದರು. ಮನೆಗೊಬ್ಬರು ಅಂದರೆ ಗಂಡಸರು, ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನಿಗೆ ಜ್ವರ ಬಂದಿತ್ತು, ನಾನು ರಜೆಯ ಮೇಲೆ ಊರಲ್ಲಿದ್ದೆ, ಹಾಗಾಗಿ ನಾನೇ ಹೋದೆ. ಚಹಾ ಕೊಟ್ಟರು, ಮರ್ಯಾದೆಯಿಂದ ಮುಂದಿನ ಸಾಲಲ್ಲೇ ಕೂರಿಸಿದರು. ಅಧ್ಯಕ್ಷರು ಮಾತಾಡಿದರು. ಭವನಕ್ಕೆ ಅನುದಾನ ಕೊಡಿಸಿದ್ದು ಯಾರು, ಹಾಸ್ಟೆಲ್‌ಗೆ ಜಾಗ ಮಾಡಿಸಿಕೊಟ್ಟದ್ದು ಯಾರು ಅಂತ ಒಂದೊಂದಾಗಿ ಹೇಳಿದರು. ಅದರಲ್ಲಿ ಒಂದೂ ಸುಳ್ಳಲ್ಲ. ಕೊನೆಗೆ "ಈ ಸಲ ನಮ್ಮ ಬೂತ್‌ನಿಂದ ಒಂದೇ ಒಂದು ವೋಟು ಆಚೆ ಹೋಗಬಾರದು, ಎಲ್ಲರಿಗೂ ಒಪ್ಪಿಗೆ ಅಲ್ವಾ" ಅಂದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಯಾಕೆ ಎತ್ತಿದೆ ಅಂತ ಕೇಳಿದರೆ, ಆ ಕೋಣೆಯಲ್ಲಿ ಕೂತು ಕೈ ಎತ್ತದೆ ಇರೋದು ಎಷ್ಟು ಕಷ್ಟ ಅನ್ನೋದು ಅಲ್ಲಿ ಕೂತವರಿಗೇ ಗೊತ್ತು.

ಆದರೆ ನನ್ನ ಮನಸ್ಸು ಬೇರೆ ಕಡೆ ಇತ್ತು. ಅದರ ಹಿಂದಿನ ಮಳೆಗಾಲದಲ್ಲಿ ಹಳ್ಳ ಉಕ್ಕಿ ಸಂಕ ಕೊಚ್ಚಿ ಹೋಗಿತ್ತು. ಆಚೆ ಕೇರಿ ಮಕ್ಕಳು ಮೂರು ವಾರ ಶಾಲೆಗೆ ಬರಲಾಗಲಿಲ್ಲ. ಆಗ ಛತ್ರಿ ಹಿಡಿದುಕೊಂಡು ನಡೆದು ಬಂದು, ಹಳ್ಳದ ದಡದಲ್ಲಿ ನಿಂತು ನೋಡಿ, ಅರ್ಜಿ ಬರೆಸಿಕೊಂಡು ಹೋದದ್ದು ಎದುರು ಪಕ್ಷದವರು. ಅವರು ನಮ್ಮ ಸಮಾಜದವರಲ್ಲ. ಆ ಅರ್ಜಿಯಿಂದ ಏನೂ ಆಗಲಿಲ್ಲ, ಅದು ಬೇರೆ ಮಾತು. ಆದರೆ ಬಂದದ್ದು ಅವರೊಬ್ಬರೇ.

ಮೇ 10ಕ್ಕೆ ಶಾಲೆಯ ಬೂತ್‌ಗೆ ಹೋದೆ. ರಟ್ಟಿನ ಮರೆಯಲ್ಲಿ ನಿಂತು ಗುಂಡಿ ಒತ್ತಿದೆ. ಪಕ್ಕದ ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಆಮೇಲೆ ಕೆಳಗೆ ಬೀಳುತ್ತದೆ. ನಾನು ಆ ಏಳು ಸೆಕೆಂಡ್ ಪೂರ್ತಿ ನೋಡುತ್ತಾ ನಿಂತಿದ್ದೆ. ಹೊರಗೆ ಬಂದಾಗ ಏಜೆಂಟ್ ಆಗಿ ಕೂತಿದ್ದ ನಮ್ಮ ಚಿಕ್ಕಪ್ಪನ ಮಗ ನಕ್ಕ. ನಾನೂ ನಕ್ಕೆ. ಮುಗಿಯಿತು, ಇನ್ನು ಇದು ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ.

ಗೊತ್ತಾಗುತ್ತದೆ. ನಾನು ಹಾಕಿದೆ ಅಂತ ಗೊತ್ತಾಗಲ್ಲ, ಯಾರೋ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ. 13ನೇ ತಾರೀಕು ಎಣಿಕೆ ನಡೆದಾಗ ಒಂದೊಂದು ಬೂತ್‌ನ ಯಂತ್ರವನ್ನೂ ಬೇರೆ ಬೇರೆಯಾಗಿಯೇ ಎಣಿಸಿ ಏಜೆಂಟರ ಮುಂದೆ ಲೆಕ್ಕ ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಬೂತ್‌ನ ಅಂಕಿ ಬಂತು. ನಮ್ಮ ಅಭ್ಯರ್ಥಿಗೆ ಇಷ್ಟು, ಎದುರಿನವರಿಗೆ ಒಂಬತ್ತು. ಅದರ ಕೆಳಗೆ ಯಾರೋ ಹಾಕಿದ್ದರು: "ಒಂಬತ್ತು ಜನ ಯಾರು?"

ದೊಡ್ಡ ಪೇಟೆಯಲ್ಲಿ ಇದು ಏನೂ ಅಲ್ಲ. ಸಾವಿರ ವೋಟಿನ ಬೂತ್‌ನಲ್ಲಿ ಮುನ್ನೂರು ಆಚೆ ಹೋದರೆ ಯಾರನ್ನು ಅಂತ ಹುಡುಕುತ್ತಾರೆ? ಮಲೆನಾಡಿನ ಒಂಟಿ ಮನೆಗಳ ಬೂತ್‌ನಲ್ಲಿ ಹಾಗಲ್ಲ. ಇಲ್ಲಿ ಒಂಬತ್ತು ಅಂದರೆ ಬೆರಳು ಮಡಚಿ ಲೆಕ್ಕ ಹಾಕಬಹುದಾದ ಸಂಖ್ಯೆ. ಇವರ ಮನೆಯ ಎರಡು ಇರಬಹುದು, ಅವರ ಮನೆಯ ಮೂರು ಇರಬಹುದು ಅಂತ ಜಗಲಿ ಮೇಲೆ ಕೂತು ಸಂಜೆಯೆಲ್ಲ ಹಂಚುತ್ತಾರೆ. ಬ್ಯಾಲೆಟ್ ಪೇಪರ್ ಇದ್ದಾಗ, ಬೆದರಿಕೆಯ ಭಯ ಇರುವ ಕಡೆ ಬೇರೆ ಬೇರೆ ಬೂತ್‌ನ ಚೀಟಿಗಳನ್ನು ಒಟ್ಟಿಗೆ ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಆ ಬೆರಕೆ ನಿಂತುಹೋಯಿತು. ಹದಿನಾಲ್ಕು ಯಂತ್ರಗಳ ಲೆಕ್ಕವನ್ನು ಒಟ್ಟು ಸೇರಿಸಿ ತೋರಿಸುವ ಟೋಟಲೈಸರ್ ಅನ್ನೋ ಸಾಧನ ಇದೆ. ಅದನ್ನು ಬಳಸೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಂದ್ರಕ್ಕೆ ಬರೆಯಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಅದೇ ಮಾತು ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಚೆನ್ನಾಗಿ ವೋಟು ಬಂದಿದೆ, ಎಲ್ಲಿ ಇನ್ನೂ ಕೆಲಸ ಮಾಡಬೇಕು ಅಂತ ಪಕ್ಷಗಳಿಗೆ ತಿಳಿಯೋದು ಒಳ್ಳೆಯದೇ ಅನ್ನೋದು ಅದಕ್ಕೆ ಕೊಟ್ಟ ಒಂದು ಕಾರಣ. ನನಗೆ ಈ ಕಾರಣ ಓದಿದಾಗ ಕೋಪ ಬಂತು. ಎಲ್ಲಿ ಕೆಲಸ ಮಾಡಬೇಕು ಅಂತ ತಿಳಿಯಲು ಅಂಕಿ ಬೇಕಾಗಿಲ್ಲ, ಮಳೆಗಾಲದಲ್ಲಿ ಒಂದು ಸಲ ಹಳ್ಳದ ದಡಕ್ಕೆ ಬಂದರೆ ಸಾಕು.

ನಮ್ಮೂರಿನ ಸಂಶಯ ಕೆಳಮನೆ ದೊಡ್ಡಪ್ಪನ ಮೇಲೆ ಹೋಯಿತು.

ದೊಡ್ಡಪ್ಪ ಅಂದರೆ ರಕ್ತಸಂಬಂಧ ಅಲ್ಲ, ಊರಿನ ಲೆಕ್ಕದ ದೊಡ್ಡಪ್ಪ. ಅರ್ಧ ಎಕರೆ ತೋಟ, ಸ್ವಲ್ಪ ಗದ್ದೆ. ಅವರ ಮೇಲೆ ಯಾಕೆ ಸಂಶಯ ಬಂತು ಅಂದರೆ, ಸಭೆ ಮುಗಿದ ಮೇಲೆ ಹೊರಗೆ ನಿಂತು "ವೋಟು ಗುಟ್ಟಿನ ವಿಷಯ, ಇಲ್ಲಿ ಕೈ ಎತ್ತಿಸೋದು ಸರಿಯಲ್ಲ" ಅಂತ ಗಟ್ಟಿಯಾಗಿ ಹೇಳಿದ್ದರು. ಅವರದ್ದು, ದೊಡ್ಡಮ್ಮನದ್ದು, ಮಗ ಸೊಸೆಯದ್ದು, ನಾಲ್ಕು ವೋಟು ಅಲ್ಲಿಗೆ ಆಯಿತು ಅಂತ ಊರು ತೀರ್ಮಾನ ಮಾಡಿತು. ಉಳಿದ ಐದನ್ನು ಬೇರೆಯವರಿಗೆ ಹಂಚಿದರು. ನಮ್ಮ ಮನೆಗೆ ಒಂದೂ ಬರಲಿಲ್ಲ.

ಬಹಿಷ್ಕಾರ ಅಂತ ಯಾರೂ ಹೇಳಲಿಲ್ಲ. ಈಗಿನ ಕಾಲದಲ್ಲಿ ಆ ಮಾತು ಹೇಳಿದರೆ ಪೊಲೀಸ್ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಸುಮ್ನೆ ಹೋಗೋದು ಬಿಟ್ಟರು, ಅಷ್ಟೇ. ದಾರಿಯಲ್ಲಿ ಸಿಕ್ಕರೆ ಮಾತಾಡುತ್ತಾರೆ, ಮದುವೆಗೆ ಕರೆಯುತ್ತಾರೆ. ಆದರೆ ಗದ್ದೆ ನಟ್ಟಿಗೆ ಮುಯ್ಯಾಳು ಬರಲಿಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ನಾನು ನಿಮ್ಮ ಗದ್ದೆಗೆ ಒಂದು ದಿನ ಬಂದರೆ ನೀವು ನಮ್ಮ ಗದ್ದೆಗೆ ಒಂದು ದಿನ ಬರಬೇಕು, ಕೂಲಿ ಇಲ್ಲ, ಊಟ ಮಾತ್ರ. ಸಣ್ಣ ಹಿಡುವಳಿಯವರು ಬದುಕುವುದೇ ಇದರ ಮೇಲೆ. ಅದು ನಿಂತರೆ ಕಾಗದದ ಮೇಲೆ ಏನೂ ಆಗಿಲ್ಲ, ಆದರೆ ಸಸಿಮಡಿ ಬಲಿತು ಹೋಗುತ್ತದೆ.

ನನಗೆ ಇದು ಗೊತ್ತಾಗಿದ್ದು ತಡವಾಗಿ, ಆಗಸ್ಟ್‌ನಲ್ಲಿ, ಅಮ್ಮ ಫೋನಿನಲ್ಲಿ ಹೇಳಿದಾಗ. ನಾನು ಏನೂ ಹೇಳಲಿಲ್ಲ. "ಹೌದಾ" ಅಂದೆ. ಆ "ಹೌದಾ" ನನಗೆ ಇವತ್ತಿಗೂ ಚುಚ್ಚುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಸಮಾಜವನ್ನು ಬಯ್ಯೋದು ಬಹಳ ಸುಲಭ ಆಗಿಬಿಡುತ್ತದೆ. ನಮ್ಮ ಮನೆ ಇರುವ ಜಾಗ, ಅಪ್ಪ ದುಡಿಯುವ ಗದ್ದೆ, ನಾನು ಓದಿದ ಓದು, ಇದೆಲ್ಲ ಒಬ್ಬೊಬ್ಬರೇ ಗಳಿಸಿದ್ದಲ್ಲ. ಅಜ್ಜ ಗೇಣಿದಾರ. ಗೇಣಿ ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ಒಂದು ಅಳತೆ, ಬೇರೆ ಕಡೆ ಇನ್ನೊಂದು ಅಳತೆ. ತುಂಬಿ ತಲೆ ಕಟ್ಟಿ ಅಳೆದರೆ ವರ್ಷದ ದುಡಿಮೆಯಲ್ಲಿ ಮನೆಗೆ ಉಳಿಯುವುದು ಹುಲ್ಲು ಅಂತ ಅಜ್ಜ ಹೇಳುತ್ತಿದ್ದರು. ಆ ಕೊಳಗದ ಜಗಳವೇ 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಆಯಿತು. ಎಚ್. ಗಣಪತಿಯಪ್ಪನವರ ರೈತ ಸಂಘ, ಶಾಂತವೇರಿ ಗೋಪಾಲಗೌಡರು, ಸಮಾಜವಾದಿಗಳು, ಉತ್ತರ ಪ್ರದೇಶದಿಂದ ಬಂದು ಇಲ್ಲಿ ಬಂಧನವಾದ ಲೋಹಿಯಾ, ಇವರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಿಡಿಯಾಗಿ ಒಬ್ಬ ಗೇಣಿದಾರ ಹೋಗಿ "ಕೊಳಗ ಸರಿ ಮಾಡಿ" ಅಂತ ಕೇಳಿದ್ದರೆ ಮಾರನೇ ದಿನ ಅವನನ್ನು ಗದ್ದೆಯಿಂದ ಎಬ್ಬಿಸುತ್ತಿದ್ದರು. ಒಟ್ಟಾಗಿ ನಿಂತದ್ದಕ್ಕೆ ಉಳಿದರು. ಮುಂದೆ ದೇವರಾಜ ಅರಸರ ಕಾಲದಲ್ಲಿ ಗೇಣಿ ಭೂಮಿಯನ್ನು ಉಳುವವನಿಗೇ ಕೊಡುವ 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಅಜ್ಜ ಏಳನೇ ನಂಬರ್ ಫಾರ್ಮಿನಲ್ಲಿ ಡಿಕ್ಲರೇಷನ್ ಕೊಟ್ಟು ಭೂ ನ್ಯಾಯಮಂಡಳಿ ಮುಂದೆ ನಿಂತರು. ಅಲ್ಲಿಗೂ ಒಬ್ಬರೇ ಹೋಗಲಿಲ್ಲ, ಕೇರಿಯವರೆಲ್ಲ ಒಟ್ಟಿಗೆ ಎತ್ತಿನ ಗಾಡಿಯಲ್ಲಿ ಹೋದರು. ಹಾಗಾಗಿ "ಒಗ್ಗಟ್ಟು ಇಲ್ಲದಿದ್ದರೆ ನಮ್ಮನ್ನು ಯಾರು ಕೇಳುತ್ತಾರೆ" ಅಂತ ಅಪ್ಪ ಹೇಳಿದಾಗ ನಾನು ತಳ್ಳಿಹಾಕಲಾರೆ. ಅದು ಅವರು ಹೊಟ್ಟೆಯಿಂದ ಕಲಿತ ಪಾಠ.

ಆದರೆ ಅದೇ ಅಜ್ಜನ ಕಥೆಯಲ್ಲಿ ಇನ್ನೊಂದು ಇದೆ, ಅದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಸಂಘಕ್ಕೆ ಹೆಸರು ಬರೆಸಲು ಹೊರಟಾಗ ಅಜ್ಜನನ್ನು ತಡೆದದ್ದು ಒಡೆಯರಲ್ಲ. ನಮ್ಮವರೇ, ನಮ್ಮ ಹಿರಿಯರೇ. ಅನ್ನ ಹಾಕಿದ ಮನೆಗೆ ಎದುರು ನಿಲ್ಲಬೇಡ, ಎಲ್ಲರಿಗೂ ತೊಂದರೆ ತರಬೇಡ ಅಂದರು. ಅಜ್ಜ ಅವರ ಮಾತು ಮೀರಿ ಹೋದರು. ಮೊದಲು ಅಂಥ ನಾಲ್ಕಾರು ಜನ ಹಿರಿಯರ ಮಾತು ಮೀರಿದ್ದಕ್ಕೇ ಆಮೇಲೆ ಒಂದು ಸಂಘ ಆಯಿತು. ಮತ್ತೆ ಆ ಸಂಘದ ಜೊತೆ ಜೈಲಿಗೆ ಹೋದವರಲ್ಲಿ ಗೇಣಿಗೂ ತಮಗೂ ಸಂಬಂಧವೇ ಇಲ್ಲದ, ಬೇರೆ ಜಾತಿಯ, ಬೇರೆ ಊರಿನ ಜನ ಇದ್ದರು. ಅಜ್ಜ ಸಂಘಕ್ಕೆ ನಡೆದು ಹೋಗಿ ಸೇರಿದ್ದು. ನನ್ನನ್ನು ಈ ಸಮಾಜಕ್ಕೆ ತೊಟ್ಟಿಲಲ್ಲಿದ್ದಾಗಲೇ ಸೇರಿಸಿಕೊಂಡಿದ್ದಾರೆ. ಅದಕ್ಕೆ ಬೇಸರ ಇಲ್ಲ, ಆದರೆ ಎರಡನ್ನೂ ಒಂದೇ ಒಗ್ಗಟ್ಟು ಅಂತ ಹೇಳಿ ನನ್ನ ಕೈ ಎತ್ತಿಸಿದರೆ ಒಪ್ಪಲು ಆಗುವುದಿಲ್ಲ.

ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ತೀರ್ಥಹಳ್ಳಿ ಕಡೆಯ ಸಮಾಜವಾದಿ ಹುಡುಗ, ಕೈಯಲ್ಲಿ ದುಡ್ಡಿಲ್ಲ. ಆ ವರ್ಷ ವೋಟು ಹಾಕಿದವರು ಅವರ ಜಾತಿ ನೋಡಿ ಹಾಕಿದ್ದಲ್ಲ ಅಂತ ನನ್ನ ನಂಬಿಕೆ. ಆಮೇಲೆ ನಮ್ಮ ಜಿಲ್ಲೆ ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಅಂತ ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟಿತು. ಒಂದು ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಆದರೆ ಈಗ ಯಾವ ಚಹಾದಂಗಡಿಯಲ್ಲಿ ಕೂತರೂ ಇವರು ಏನು ಮಾಡಿದರು ಅನ್ನೋದಕ್ಕಿಂತ ಇವರು ಯಾರವರು ಅನ್ನೋದೇ ಮೊದಲು ಬರುತ್ತದೆ. ನಾಯಕರನ್ನೇ ಹೀಗೆ ಹಂಚಿಕೊಂಡ ಮೇಲೆ ವೋಟುದಾರರನ್ನು ಬಿಡುತ್ತಾರಾ?

ಕಾಲೇಜಿನಲ್ಲಿದ್ದಾಗ ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ಓದಿದ್ದೆ. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ಒಬ್ಬೊಬ್ಬ ಮನುಷ್ಯನನ್ನೇ ಲೆಕ್ಕಕ್ಕೆ ತೆಗೆದುಕೊಂಡಿದೆ, ಅದು ತಮಗೆ ಸಂತೋಷ ಅಂತ ಅವರು ಹೇಳಿದ್ದರು. ಹಳ್ಳಿಯ ಬಗ್ಗೆ ಅವರ ಮಾತು ಬಹಳ ಕಟುವಾಗಿತ್ತು. ಆಗ ನನಗೆ ನೋವಾಗಿತ್ತು. ನಮ್ಮ ಹಳ್ಳ, ನಮ್ಮ ದೀಪಾವಳಿ, ನಮ್ಮ ಭೂಮಿ ಹುಣ್ಣಿಮೆ, ಇದನ್ನೆಲ್ಲ ಇವರು ನೋಡೇ ಇಲ್ಲ ಅನ್ನಿಸಿತ್ತು. ಕೆಳಮನೆಯ ನಟ್ಟಿಯ ವಿಷಯ ಕೇಳಿದ ದಿನ ಆ ಭಾಷಣ ಹುಡುಕಿ ಮತ್ತೆ ಓದಿದೆ. ಅವರು ನೋಡಿದ್ದರು.

ಕೋರ್ಟಿಗೂ ಇದು ಸುಲಭದ ಪ್ರಶ್ನೆ ಆಗಿರಲಿಲ್ಲ. ಯಾವ ಸಮುದಾಯವೂ ತನ್ನ ಸದಸ್ಯನನ್ನು ಹೊರಗೆ ಹಾಕಬಾರದು ಅಂತ ಬಾಂಬೆ ಪ್ರಾಂತ್ಯ 1949ರಲ್ಲಿ ಕಾನೂನು ಮಾಡಿತ್ತು. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು. ತನ್ನ ಧರ್ಮದ ವಿಷಯವನ್ನು ತಾನೇ ನೋಡಿಕೊಳ್ಳುವ ಹಕ್ಕು ಸಮುದಾಯಕ್ಕಿದೆ ಅಂದಿತು. ಐವರಲ್ಲಿ ಮುಖ್ಯ ನ್ಯಾಯಮೂರ್ತಿ ಸಿನ್ಹಾ ಒಬ್ಬರು ಮಾತ್ರ ಒಪ್ಪಲಿಲ್ಲ. ಹೊರಗೆ ಹಾಕಿಸಿಕೊಂಡವನ ಬದುಕು ಏನಾಗುತ್ತದೆ ಅನ್ನೋ ಕಡೆಯಿಂದ ಅವರು ನೋಡಿದರು. ಎಷ್ಟೋ ವರ್ಷ ಆದ ಮೇಲೆ, 2016ರಲ್ಲಿ, ಮಹಾರಾಷ್ಟ್ರ ಜಾತಿ ಪಂಚಾಯಿತಿಗಳ ಹಾವಳಿ ನೋಡಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾನೂನು ಮಾಡಿತು. ಕಾನೂನು ಬೇಕು, ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಮುಯ್ಯಾಳು ಬರಲಿಲ್ಲ ಅಂತ ಯಾವ ಠಾಣೆಯಲ್ಲಿ ಬರೆಸಿಕೊಳ್ಳುತ್ತಾರೆ?

ನವೆಂಬರ್‌ನಲ್ಲಿ ಊರಿಗೆ ಹೋದೆ. ಅಡಿಕೆ ಕೊಯ್ಲು ಶುರುವಾಗಿತ್ತು. ರಾತ್ರಿ ಊಟ ಆದ ಮೇಲೆ ಹೆಂಗಸರು ಗಂಡಸರು ಎಲ್ಲ ಒಂದು ಮನೆಯ ಅಂಗಳದಲ್ಲಿ ಸೇರಿ ಸುಲಿಯುತ್ತಾರೆ, ಇವತ್ತು ಇವರ ಮನೆ, ನಾಳೆ ಅವರ ಮನೆ. ಈಗ ಸುಲಿಯುವ ಯಂತ್ರ ಬಂದಿದೆ, ದೊಡ್ಡ ತೋಟದವರು ಇಟ್ಟುಕೊಂಡಿದ್ದಾರೆ. ಅರ್ಧ ಎಕರೆಯವರಿಗೆ ಅಕ್ಕಪಕ್ಕದ ಕೈಗಳೇ ಯಂತ್ರ. ನಮ್ಮ ಜಗಲಿಯಿಂದ ಕೆಳಗೆ ನೋಡಿದರೆ ಕೆಳಮನೆ ಅಂಗಳದಲ್ಲಿ ಒಂದು ಬಲ್ಬು, ಅದರ ಕೆಳಗೆ ಎರಡೇ ತಲೆ. ಹನ್ನೊಂದು ಗಂಟೆಗೂ ಎರಡೇ ತಲೆ.

ಮಾರನೇ ರಾತ್ರಿ ನಾನು ಹೋದೆ. ದೊಡ್ಡಮ್ಮ ಏನೂ ಕೇಳದೆ ಒಂದು ಮೆಟ್ಟುಗತ್ತಿ ತಂದು ಹಾಕಿದರು. ನನಗೆ ಅಭ್ಯಾಸ ತಪ್ಪಿ ಎಷ್ಟೋ ವರ್ಷ ಆಗಿತ್ತು. ಮಣೆ ಮೇಲೆ ಕೂತು ಕಾಯಿಯನ್ನು ಕತ್ತಿಯ ಬಾಯಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಡಬೇಕು. ನನ್ನ ಕೈಯಲ್ಲಿ ಅಡಿಕೆಯೇ ಸೀಳುತ್ತಿತ್ತು. ದೊಡ್ಡಪ್ಪ ನೋಡಿ, "ಬುಡದ ಕಡೆಯಿಂದ ಹಿಡಿ ಮಗಾ" ಅಂದರು. ಅರ್ಧ ಗಂಟೆ ಆಗುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳು ಕಂದು ಬಣ್ಣಕ್ಕೆ ತಿರುಗಿದವು. ಈ ಕಲೆ ವೋಟಿನ ಶಾಯಿಗಿಂತ ಬೇಗ ಹೋಗುವುದಿಲ್ಲ.

ಹೇಳಿದೆ. "ದೊಡ್ಡಪ್ಪ, ಆ ಒಂಬತ್ತರಲ್ಲಿ ಒಂದು ನಂದು. ನೀವು ಹಾಕಿದ್ದಕ್ಕೆ ನಿಮಗೆ ಹಿಂಗೆ ಮಾಡ್ತಿದಾರೆ, ನಾನು ಹಾಕಿದ್ದು ಯಾರಿಗೂ ಗೊತ್ತೇ ಇಲ್ಲ."

ಅವರು ಸುಲಿಯೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. "ನಾನು ಸಮಾಜದವರಿಗೇ ಹಾಕಿದ್ದು. ಇವಳೂ ಅಲ್ಲಿಗೇ ಹಾಕಿದ್ದು."

ನನಗೆ ಅರ್ಥ ಆಗಲಿಲ್ಲ. ಹಾಗಾದರೆ ಹೇಳಿಬಿಡಬಹುದಿತ್ತಲ್ಲ ಅಂದೆ.

"ಕೇಳಕ್ಕೆ ಬಂದಿದ್ರು. ಮೂರು ಜನ ಬಂದು, ಇದೇ ಅಂಗಳದಲ್ಲಿ ನಿಂತು, ದೇವರ ಮೇಲೆ ಆಣೆ ಮಾಡಿ ಹೇಳು ಅಂದ್ರು. ಯಾಕೆ ಹೇಳಬೇಕು? ಇವತ್ತು ಹೇಳಿದ್ರೆ ಮುಂದಿನ ಸಲ ನನ್ನ ಸೊಸೆ ಹತ್ರಾನೂ ಕೇಳ್ತಾರೆ."

ಅಷ್ಟೇ ಹೇಳಿದ್ದು. ಆಮೇಲೆ ಈ ವರ್ಷ ಕೊಳೆರೋಗ ಎಷ್ಟು ಬಂತು, ಬೋರ್ಡೋ ಎಷ್ಟು ಸಲ ಹೊಡೆದರೂ ಮಳೆ ಬಿಡಲಿಲ್ಲ, ಅದರ ಮಾತು.

ಬೆಳಗ್ಗೆ ಅಧ್ಯಕ್ಷರಿಗೆ ಫೋನ್ ಮಾಡಿದೆ. ಆ ಒಂದು ವೋಟು ನನ್ನದು, ಕೆಳಮನೆಯವರದ್ದಲ್ಲ ಅಂದೆ. ಅವರಿಗೆ ಕೋಪ ಬರುತ್ತದೆ ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ. ಕೋಪವೇ ಬರಲಿಲ್ಲ. "ಹೋಗ್ಲಿ ಬಿಡಮ್ಮ, ನೀನು ಓದಿದವಳು, ಹೊರಗಿರೋಳು, ನಿಂದು ಬೇರೆ" ಅಂದರು. ಮದುವೆ ಯಾವಾಗ ಅಂತ ಕೇಳಿದರು. ಫೋನ್ ಇಟ್ಟ ಮೇಲೆ ನನಗೆ ತುಂಬಾ ಹೊತ್ತು ಏನೂ ಮಾಡಲು ಆಗಲಿಲ್ಲ. ನನ್ನ ಸಂಬಳ ಶಿವಮೊಗ್ಗದಿಂದ ಬರುತ್ತದೆ, ನನಗೆ ಮುಯ್ಯಾಳು ಬೇಡ, ಸುಲಿಯಲು ಜನ ಬೇಡ. ಹಾಗಾಗಿ ನನ್ನ ವೋಟು ನನ್ನಿಷ್ಟ ಅಂತ ಅವರು ಉದಾರವಾಗಿ ಬಿಟ್ಟುಕೊಟ್ಟರು. ಗದ್ದೆ ನಟ್ಟಿಗೆ ನಾಲ್ಕು ಜನ ಬೇಕಾದ ಮನುಷ್ಯ ಅದೇ ಹಕ್ಕಿಗೆ ಬೆಲೆ ಕಟ್ಟಬೇಕು, ಅದೂ ಹಾಕದ ವೋಟಿಗೆ.

ಇದನ್ನೆಲ್ಲ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ನನ್ನ ವೋಟಿನ ವಿಷಯವನ್ನೂ ಹೇಳಿದೆ. ಅಪ್ಪ ಊಟ ಮಾಡುತ್ತಲೇ ಇದ್ದರು, ತಲೆ ಎತ್ತಲಿಲ್ಲ. "ಇಂಥದ್ದು ನೀನು ಮಾಡಬಾರದಿತ್ತು" ಅಂತ ಒಂದೇ ಮಾತು ಹೇಳಿ ಕೈ ತೊಳೆಯಲು ಎದ್ದರು. ಅಮ್ಮ ಪಾತ್ರೆ ಎತ್ತಿಟ್ಟು ಒಳಗೆ ಹೋದಳು. ಬೇಜಾರಾಗಿದೆ ಅಂದುಕೊಂಡೆ. ಬಾಗಿಲ ಹಿಂದಿನಿಂದ ತನ್ನ ಮೆಟ್ಟುಗತ್ತಿ ತೆಗೆದು, ಬಟ್ಟೆ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಂದಳು. "ನಡಿ" ಅಂದಳು.

ಅಂಗಳ ದಾಟುವಾಗ ಅಪ್ಪ ಕರೆದರು. ಅವರ ಕೈಯಲ್ಲಿ ಬ್ಯಾಟರಿ ಇತ್ತು.

"ಸಂಕದ ಹತ್ರ ನೋಡ್ಕೊಂಡು ಹೋಗಿ. ಆ ಕಡೆಯ ಮರ ಅಲ್ಲಾಡ್ತಿದೆ."